ಹಳೆಯ ಕಣ್ಣಿನ ಬಣ್ಣ

ಬೀದಿದೀಪಗಳು ಇನ್ನೂ ಆರಿಲ್ಲ. ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಒಂದು ಮಾನಿಟರ್ ಮಾತ್ರ ಬೆಳಗುತ್ತಿದೆ. ಅದರ ಮುಂದೆ ಕುಳಿತ ಹೆಂಗಸು ಕನ್ನಡಕದ ಬಲಗಾಜಿಗೆ ಕಪ್ಪು ಕಾಗದ ಅಂಟಿಸಿಕೊಂಡಿದ್ದಾರೆ. ಎಡಗಣ್ಣೊಂದರಲ್ಲೇ ಒಂದು ಎಲೆಯನ್ನು ದಿಟ್ಟಿಸಿ ಮೌಸ್ ಒತ್ತುತ್ತಾರೆ. ಅದೇ ಹಸಿರಿನ ಎಲೆಗಳೆಲ್ಲ ಒಂದೇ ಏಟಿಗೆ ಬೂದಿಹಸಿರಾಗುತ್ತವೆ. "ಊಹೂಂ, ಬಾಡಿಹೋಯ್ತು" ಎಂದು ತಮಗೆ ತಾವೇ ಹೇಳಿಕೊಂಡು ಮೊದಲಿನ ಹಸಿರನ್ನೇ ವಾಪಸು ತರುತ್ತಾರೆ.

ಇಲ್ಲಿ ಎಲ್ಲರಿಗೂ ಅವರು ಬಣ್ಣದಕ್ಕ. ವಯಸ್ಸಿನಲ್ಲಿ ಹಿರಿಯನಾದ ಅಚ್ಚಿನ ಮೇಸ್ತ್ರಿಗೂ ಅಕ್ಕನೇ. ಕಲಾವಿದರು ಕಂಪ್ಯೂಟರಿನಲ್ಲಿ ಬರೆದು ಕಳಿಸುವ ಚಿತ್ರಗಳಲ್ಲಿ ಬಣ್ಣಗಳಿಗೆ ಲೆಕ್ಕವಿರುವುದಿಲ್ಲ. ಅಚ್ಚಿನ ಮೇಜಿನಲ್ಲಿ ಎಂಟು ಬಣ್ಣಕ್ಕಷ್ಟೇ ಜಾಗ, ಒಂದೊಂದಕ್ಕೆ ಒಂದೊಂದು ಚೌಕಟ್ಟು. ಯಾವ ಕೆಂಪನ್ನು ಯಾವ ಕೆಂಪಿಗೆ ಸೇರಿಸಬೇಕು, ಅದೇ ಹೂವು ಮಲಗುವ ಕೋಣೆಯ ಪರದೆಗಾದರೆ ಯಾವ ಬಣ್ಣದಲ್ಲಿ ಹೋಗಬೇಕು ಎಂದು ತೀರ್ಮಾನಿಸಿ ಬದಲಿಸುವುದು ಬಣ್ಣದಕ್ಕನ ಕೆಲಸ. ಗೆರೆಗಳು ಇದ್ದಲ್ಲೇ ಇರುತ್ತವೆ. ದಿನಕ್ಕೊಂದು ಚಿತ್ರ ಮುಗಿದರೆ ಒಳ್ಳೆಯ ದಿನ. ಬಟ್ಟೆಯ ಅಂಚಿನಲ್ಲಿ ಕಲಾವಿದರ ಹೆಸರಿರುತ್ತದೆ, ಇವರದಿರುವುದಿಲ್ಲ.

ಮೊದಲು ಇದೇ ಕೋಣೆಯಲ್ಲಿ ಕುಂಚ ಹಿಡಿದು ಕಾಗದದ ಮೇಲೆ ಬಣ್ಣ ತುಂಬುತ್ತಿದ್ದರು. ಗಂಡ ತೀರಿಕೊಂಡ ವರ್ಷವೇ ಕಂಪ್ಯೂಟರ್ ಬಂತು. ಮಗಳಿಗೆ ಆಗಿನ್ನೂ ಹಲ್ಲು ಬಂದಿರಲಿಲ್ಲ. "ಮೌಸಿನ ಬಾಣ ಒಂದ್ಕಡೆ, ನಾನೊಂದ್ಕಡೆ. ಅಳೋಕೂ ಪುರುಸೊತ್ತು ಇರ್ಲಿಲ್ಲ" ಎನ್ನುತ್ತಾರೆ. ಕಲಿಯುವ ಕಾಲದಲ್ಲೊಮ್ಮೆ ಒಂದು ಚಿತ್ರದ ಬಿಳಿ ಆಕಾಶವನ್ನು ಹಳದಿ ಮಾಡಿದರು. ಹಕ್ಕಿಗಳ ಕಣ್ಣಿನ ಬಿಳಿಯನ್ನೂ ಅದೇ ಬಿಳಿಗೆ ಸೇರಿಸಿಟ್ಟಿದ್ದು ನೆನಪಿರಲಿಲ್ಲ. ಥಾನುಗಟ್ಟಲೆ ಬಟ್ಟೆ ಅಚ್ಚಾಗಿ ಒಣಗುತ್ತಿದ್ದಾಗ ಮೇಸ್ತ್ರಿ ಕೂಗಿದ್ದ: "ಅಕ್ಕಾ, ನಿನ್ನ ಹಕ್ಕಿಗಳಿಗೆಲ್ಲ ಕಾಮಾಲೆ!" ಅಂದಿನಿಂದ ಅವರ ಚಿತ್ರಗಳಲ್ಲಿ ಕಣ್ಣಿನ ಬಿಳಿ ಯಾವಾಗಲೂ ಬೇರೆ.

ಈಗ ತೊಂದರೆ ಅವರದೇ ಕಣ್ಣಿನದು. ಎರಡಕ್ಕೂ ಪೊರೆ ಬಂದಿತ್ತು. ಪೊರೆ ಬಂದ ಕಣ್ಣಿಗೆ ಎಲ್ಲದರ ಮೇಲೂ ತೆಳ್ಳಗೆ ಹಳದಿ ಬಳಿದ ಹಾಗೆ ಕಾಣುತ್ತದೆ. ನಿಧಾನವಾಗಿ ಆಗುವುದರಿಂದ ಗೊತ್ತೂ ಆಗುವುದಿಲ್ಲ. ಕೆಲವು ತಿಂಗಳ ಹಿಂದೆ ಬಲಗಣ್ಣಿನ ಆಪರೇಷನ್ ಆಯಿತು. ಕೆಲಸಕ್ಕೆ ಮರಳಿದ ದಿನ, ತಾವೇ ಹೋದ ವರ್ಷ ಬಣ್ಣ ಕೂಡಿಸಿದ್ದ ಪರದೆಬಟ್ಟೆಯ ಮುಂದೆ ನಿಂತುಬಿಟ್ಟರು. ಕೆನೆಬಣ್ಣವೆಂದು ಅವರು ಮಾಡಿದ್ದು ನೀಲಿ ಬೆರೆತ, ಮಂಜಿನಂಥ ಬಿಳಿ.

"ಅಯ್ಯೋ, ಇದನ್ನ ನಾನೇ ಮಾಡಿದ್ನಾ?"

"ಇನ್ಯಾರು, ನಿಮ್ಮತ್ತೆನಾ?" ಎಂದ ಮೇಸ್ತ್ರಿ.

ಆ ಮಂಜುಬಿಳಿಯೇ ಗಿರಾಕಿಗೆ ಹಿಡಿಸಿದೆ. ಆರು ಹೊಸ ಚಿತ್ರಗಳು ಅದೇ ಧಾಟಿಯಲ್ಲಿ ಬೇಕಂತೆ. ಹಳೆಯ ಫೈಲಿನಲ್ಲಿ ಹಳೆಯ ಬಣ್ಣಗಳೇನೋ ಇವೆ. ಆದರೆ ಹೊಸ ಚಿತ್ರಗಳಲ್ಲಿ ದಾಳಿಂಬೆಯಿದೆ, ಒಣಹುಲ್ಲಿದೆ, ಕೊಳವಿದೆ. ಅವುಗಳ ಬಣ್ಣ ಆ ಬಿಳಿಯ ಪಕ್ಕ ಜಗಳವಾಡದೆ ಕೂರಬೇಕು. ಅದಕ್ಕೇ ಬಲಗಾಜಿಗೆ ಕಾಗದ, ಪೊರೆಯಿರುವ ಎಡಗಣ್ಣಿಗೆ ಕೆಲಸ. ಇಂದು ಬೆಳಗಿನದು ಐದನೆಯ ಚಿತ್ರ.

ಎಡಗಣ್ಣಿನ ಆಪರೇಷನ್ ಬರುವ ಸೋಮವಾರ. ಪೊರೆ ಬಲಿತಿದೆ, ತಡಮಾಡಬೇಡಿ ಎಂದಿದ್ದಾರೆ ಡಾಕ್ಟರು. ಕಾರ್ಖಾನೆಯ ಯಜಮಾನರು ಬಾಗಿಲಲ್ಲೇ ನಿಂತು ಹೇಳುತ್ತಾರೆ: "ಸ್ವಲ್ಪ ಮುಂದೂಡಿ ಅಕ್ಕ. ಈ ಗಿರಾಕಿ ಮತ್ತೆ ಮತ್ತೆ ಬರ್ತಾರೆ. ಆ ಪೊರೆ ಹೋದ್ರೆ ಆ ಬಣ್ಣಾನೂ ಹೋಗುತ್ತಲ್ಲ?"

"ಅಮ್ಮ, ನಿನ್ನ ಕಣ್ಣೂ ಕಾರ್ಖಾನೆ ಆಸ್ತಿನಾ?" ಎಂದು ಮಗಳು ಮನೆಯಲ್ಲಿ ರೇಗಿದ್ದಾಳೆ. ಕಾರ್ಖಾನೆಯ ಮೆಟ್ಟಿಲಲ್ಲಿ ಬಣ್ಣದಕ್ಕ ಈಗಾಗಲೇ ಒಮ್ಮೆ ಮುಗ್ಗರಿಸಿದ್ದಾರೆ. "ನನ್ನ ಎರಡು ಕಣ್ಣಿಗೂ ಮಾತುಕತೆ ನಿಂತುಹೋಗಿದೆ. ಒಂದು ಬಿಳಿ ಅಂದ್ರೆ ಇನ್ನೊಂದು ಹಳದಿ ಅನ್ನುತ್ತೆ" ಎಂದು ನಗುತ್ತಾರೆ. ನಗು ನಿಂತ ಮೇಲೆ ತಗ್ಗಿದ ದನಿಯಲ್ಲಿ, "ಯಜಮಾನ್ರು ಹೇಳೋದೂ ಸುಳ್ಳಲ್ಲ. ಆಮೇಲೆ ನಾನು ಯಾವ ಕೆಲಸಕ್ಕೆ ಬರ್ತೀನೋ ಅಂತ ನನಗೂ ಭಯ ಇದೆ" ಎನ್ನುತ್ತಾರೆ.

ಎರಡು ದಿನದ ನಂತರ ಆರೂ ಚಿತ್ರಗಳ ಮಾದರಿ ತುಂಡುಗಳು ಅಂಗಳದ ಹಗ್ಗದ ಮೇಲೆ ಒಣಗುತ್ತಿವೆ. ಬಣ್ಣದಕ್ಕ ಯಜಮಾನರನ್ನು ಅಲ್ಲಿಗೇ ಕರೆಸುತ್ತಾರೆ.

"ಇದ್ರಲ್ಲಿ ಒಂದನ್ನ ಹೊಸ ಕಣ್ಣಲ್ಲೇ ನೋಡ್ಕೊಂಡು ಮಾಡಿದೀನಿ. ಯಾವುದು ಹೇಳಿ."

ಯಜಮಾನರು ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದು, ಒಣಹುಲ್ಲಿನ ತುಂಡನ್ನು ಬೆಳಕಿಗೆ ಹಿಡಿಯುತ್ತಾರೆ. "ಇದೇ. ಸ್ವಲ್ಪ ಬೇರೆ ಇದೆ."

"ಅದು ಹಳೇ ಕಣ್ಣಿಂದು."

"ಹಾಗಾದ್ರೆ ದಾಳಿಂಬೆ," ಎನ್ನುತ್ತಾನೆ ಮೇಸ್ತ್ರಿ ಗತ್ತಿನಿಂದ.

"ಅದೂ ಹಳೇದೇ. ನೀನು ನಿನ್ನ ಅಚ್ಚಿನ ಮೇಜಿಗೆ ಹೋಗು."

ಹಳೆಯ ಕಣ್ಣಿನ ಐದು ಚಿತ್ರಗಳಲ್ಲೂ ಪ್ರತಿ ಬಣ್ಣ ಮುಗಿದ ಮೇಲೆ ಕಾಗದವನ್ನು ಎಡಗಾಜಿಗೆ ಬದಲಿಸಿ, ಅದೇ ಬಣ್ಣವನ್ನು ಬಲಗಣ್ಣಿಗೂ ತೋರಿಸುತ್ತಿದ್ದರಂತೆ. "ಹಳೇ ಕಣ್ಣು ಏನು ಕೇಳುತ್ತೆ ಅಂತ ಹೊಸದಕ್ಕೆ ಬಾಯಿಪಾಠ ಆಯ್ತು" ಎನ್ನುತ್ತಾರೆ. ಹೊಸ ಕಣ್ಣಿನದು ಯಾವುದೆಂದು ಕೊನೆಗೂ ಬಾಯಿಬಿಡುವುದಿಲ್ಲ. "ಹೇಳಿದ್ರೆ ಅದರಲ್ಲೇ ಕೊಂಕು ಹುಡುಕ್ತಾರೆ."

ಯಜಮಾನರು ಇನ್ನೊಮ್ಮೆ ಹಗ್ಗದತ್ತ ನೋಡಿ ಕೇಳುತ್ತಾರೆ: "ಸೋಮವಾರ ಆದ್ಮೇಲೆ ಯಾವಾಗ ಬರ್ತೀರಿ?"

"ಡಾಕ್ಟರು ಬಿಟ್ಟಾಗ."

ಕೋಣೆಗೆ ಮರಳಿ, ಕನ್ನಡಕದ ಕಾಗದವನ್ನು ಉಗುರಿನಿಂದ ಕಿತ್ತು ಮಾನಿಟರಿನ ಬೆನ್ನಿಗೆ ಅಂಟಿಸುತ್ತಾರೆ. ಇನ್ನೇನಾದರೂ ಆಸೆಯಿದೆಯೇ ಎಂದರೆ ಬಣ್ಣದಕ್ಕ ಗೋಡೆಯ ಕಡೆ ನೋಡುತ್ತಾರೆ, ಮೊದಲು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು.

"ಎರಡು ಕಣ್ಣಲ್ಲೂ ಒಂದೇ ಬಿಳಿ ಕಾಣ್ಬೇಕು. ಅದು ಯಾವ ಬಿಳಿ ಆದ್ರೂ ಪರವಾಗಿಲ್ಲ."