ಆನೆಯ ಹಿಂಭಾಗ ಮತ್ತು ನಮ್ಮ ದೊಡ್ಡಮ್ಮ

ಮೊನ್ನೆ ತುಮಕೂರಿನ ನಮ್ಮ ಮನೆಯ ವಾಷಿಂಗ್ ಮಷಿನ್ ಕೆಟ್ಟು ಕೂತಿತು. ಕೈಯಲ್ಲೇ ಒಗೆಯೋಣವೆಂದು ಹೊರಟರೆ ಬಟ್ಟೆ ಕುಕ್ಕಲು ಒಂದು ಕಲ್ಲೂ ಇಲ್ಲ. ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತ ನನಗೆ ಕುಣಿಗಲ್ ಕಡೆಯ ನಮ್ಮೂರಿನ ದೊಡ್ಡಮ್ಮ ನೆನಪಾದಳು. ಒಗೆಯುವ ಕಲ್ಲಿಗಾಗಿ ಆಕೆ ಒಂದು ಕೋಟೆಯನ್ನೇ ಎದುರು ಹಾಕಿಕೊಂಡಿದ್ದಳು ಎಂದರೆ ನೀವು ನಂಬಬೇಕು.

ನಮ್ಮೂರ ಗುಡ್ಡದ ಮೇಲೊಂದು ಹಾಳು ಕೋಟೆಯಿದೆ. ಯಾವನೋ ಪಾಳೇಗಾರ ಸೈನ್ಯ ಇಡಲು ಕಟ್ಟಿಸಿದ್ದಂತೆ. ನಾನು ಕಂಡ ಸೈನ್ಯವೆಲ್ಲ ಮೇಕೆಗಳದ್ದು. ಕೆಲವು ವರ್ಷಗಳ ಹಿಂದೆ ಅದರ ದುರಸ್ತಿ ಶುರುವಾಯಿತು. ಉಸ್ತುವಾರಿಗೆ ಬಂದವಳು ಶ್ವೇತಾ ಎಂಬ ಇಂಜಿನಿಯರ್. ಹೆಬ್ಬಾಗಿಲ ಗೋಡೆಯಲ್ಲಿ ಕೆತ್ತಿದ ಆನೆಯ ಮುಂಭಾಗವಷ್ಟೇ ಉಳಿದಿತ್ತು. ಹಿಂಭಾಗದ ಕಲ್ಲು ಸಿಕ್ಕದೆ ಆಕೆ ಗುಡ್ಡವನ್ನೆಲ್ಲ ಜಾಲಾಡುತ್ತಿದ್ದಳು.

ಒಂದು ಮಧ್ಯಾಹ್ನ ಮಜ್ಜಿಗೆ ಕುಡಿಯಲು ನಮ್ಮ ಮನೆಗೆ ಬಂದವಳು, ಹಿತ್ತಲಲ್ಲಿ ಕಾಲು ತೊಳೆಯುತ್ತ ಒಗೆಯುವ ಕಲ್ಲಿನ ಅಡಿಗೆ ಬೆರಳು ಹಾಕಿ, "ಅಮ್ಮಾ, ಇಲ್ಲೊಂದು ಬಾಲ ಇದೆ!" ಎಂದು ಕೂಗಿದಳು. ದೊಡ್ಡಮ್ಮ ಹಾವೆಂದು ದೊಣ್ಣೆ ತಂದಳು. ಕಲ್ಲನ್ನು ಮಗುಚಿದರೆ ಆನೆಯ ದುಂಡನೆಯ ಹಿಂಭಾಗ!

"ಅಯ್ಯೋ ಶಿವನೇ, ಮದ್ವೆಯಾಗಿ ಬಂದಾಗ್ನಿಂದ ಆನೆ ಮ್ಯಾಲೆ ಬಟ್ಟೆ ಒಗೀತಿದ್ನಾ?"

ಆದರೆ ಕಲ್ಲು ಕೊಡಿ ಎಂದಾಗ ದನಿ ಬದಲಾಯಿತು. "ಇಷ್ಟ್ ದಿನ ಅದಿಲ್ದೆ ಕೋಟೆ ನಿಂತಿರ್ನಿಲ್ವಾ? ನಿಲ್ಲಲಿ ಬುಡು."

"ಈ ಮಳೆಗಾಲಕ್ಕೆ ಬಾಗ್ಲು ಪೂರ್ತಿ ಬಿದ್ದೋಗುತ್ತಮ್ಮ," ಎಂದು ಶ್ವೇತಾ ಗೋಗರೆದಳು. ಬದಲಿಗೊಂದು ಸಿಮೆಂಟ್ ಕಲ್ಲನ್ನೂ ತರಿಸಿಕೊಟ್ಟಳು. ಅದರ ಒರಟು ಮೈಗೆ ಮೊದಲ ದಿನವೇ ದೊಡ್ಡಪ್ಪನ ಪಂಚೆ ಬಲಿಯಾಯಿತು. ಮಾತುಕತೆ ಮುರಿಯಿತು.

ಊರಿಗೂರೇ ದೊಡ್ಡಮ್ಮನ ಬೆನ್ನಿಗೆ ನಿಂತಿದ್ದು ನನಗೆ ಆಶ್ಚರ್ಯ. ಅದರಲ್ಲೂ ಎದುರುಮನೆಯ ರಂಗಪ್ಪ, ಹೊಲದ ಬೇಲಿ ಜಗಳದಿಂದ ಮಾತು ಬಿಟ್ಟಿದ್ದವನು, ತಾನಾಗಿ ಬಂದ. "ಕೊಡ್ಬ್ಯಾಡಕ್ಕೋ. ಇವತ್ತು ನಿನ್ನ ಕಲ್ಲು ಕೇಳ್ತಾರೆ, ನಾಳೆ ಇನ್ನೊಬ್ರುದು."

"ಇನ್ನೊಬ್ರುದು ಅಂದ್ರೆ ಯಾರ್ದ್ಲಾ?"

ರಂಗಪ್ಪ ತಲೆ ಕೆರೆದುಕೊಂಡ. ದೊಡ್ಡಮ್ಮನ ಕಣ್ಣು ಮೆಲ್ಲಗೆ ಬೀದಿ ದಾಟಿ, ಅವನ ಜಗಲಿಯ ನುಣುಪಾದ ಚಪ್ಪಡಿಯ ಮೇಲೆ ನಿಂತಿತು.

ಮರುದಿನ ಬೆಳಗ್ಗೆಯೇ ಶ್ವೇತಾಳಿಗೆ ಬುಲಾವ್ ಹೋಯಿತು. "ನಂದು ತಗೊಂಡೋಗವ್ವ. ಮೊದ್ಲು ಅವನ ಜಗಲಿ ಕೀಳ್ಸು!"

ಜಗಲಿಯ ಚಪ್ಪಡಿಯ ಅಡಿಮೈಯಲ್ಲಿ ಆ ಆನೆಯ ಮಾವುತ ಬೋರಲು ಮಲಗಿದ್ದ. ರಂಗಪ್ಪ ಸುಮ್ಮನಿರುತ್ತಾನೆಯೇ? ಸಿಕ್ಕಿಬಿದ್ದ ಉರಿಗೆ ಅವನು ಮೂರನೆಯವನನ್ನು ತೋರಿಸಿದ, ಅವನು ಮತ್ತೊಬ್ಬನನ್ನು. ಸಂಜೆಯೊಳಗೆ ಕಲಗಚ್ಚಿನ ಬಾನಿ, ಹಸು ಕಟ್ಟುವ ಗೂಟ, ಮೆಟ್ಟಿಲು ಆಗಿಹೋಗಿದ್ದ ಕೋಟೆಯ ಕಲ್ಲುಗಳೆಲ್ಲ ಟ್ರ್ಯಾಕ್ಟರ್ ಏರಿದವು. ಯಾವ ಶತ್ರುವೂ ನಮ್ಮೂರನ್ನು ಅಷ್ಟು ಚೆನ್ನಾಗಿ ಕೊಳ್ಳೆ ಹೊಡೆದಿರಲಿಕ್ಕಿಲ್ಲ. ಮಳೆಗೆ ಮುಂಚೆ ಬಾಗಿಲು ಎದ್ದು ನಿಂತಿತು.

ಕಳೆದ ಭಾನುವಾರ ದೊಡ್ಡಮ್ಮನನ್ನು ಕರೆದುಕೊಂಡು ಗುಡ್ಡ ಹತ್ತಿದೆ. ಬಾಗಿಲ ಬಳಿಯ ಬೋರ್ಡನ್ನು ಓದಿ ಹೇಳೆಂದಳು. ಪಾಳೇಗಾರ, ಸೈನ್ಯ, ಮುತ್ತಿಗೆ ಎಲ್ಲವನ್ನೂ ಓದಿದೆ. ಆಕೆ ಆನೆಯ ಬೆನ್ನ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು.

"ಮುಗೀತಾ?"

"ಮುಗೀತು ದೊಡ್ಡಮ್ಮ."

"ಗೋಡೆ ಒಳಗೆ ಸೇರಿರೋ ಇದರ ಇನ್ನೊಂದು ಮೈ ಅಷ್ಟು ನುಣ್ಣಗಾಗಿದ್ದು ಯಾರಿಂದ ಅಂತ ಬರ್ದಿಲ್ವಾ?"

ನಾನು ಬೋರ್ಡನ್ನು ಇನ್ನೊಮ್ಮೆ, ಈ ಸಲ ನಿಜಕ್ಕೂ ಹುಡುಕುತ್ತಾ, ಮೇಲಿನಿಂದ ಕೆಳಗಿನವರೆಗೂ ಓದಿದೆ.