ಕೆಂಪಿದೆ ಎಂದು ಬಿಟ್ಟ ಮೇಕೆ

ನಾನು ಪಶುವೈದ್ಯೆ. ವಾರವಿಡೀ ಇಂದಿರಾನಗರದಲ್ಲಿ ಬೊಜ್ಜು ಬಂದ ನಾಯಿಗಳ ಉಗುರು ಕತ್ತರಿಸಿ ಬೇಸತ್ತಿರುತ್ತೇನೆ. ತಿಂಗಳಿಗೊಂದು ಭಾನುವಾರ ಕೆ.ಆರ್. ಪುರದ ಕೆರೆಯ ಪಕ್ಕ ಮೇಕೆ ಸಾಕುವವರ ಬಳಿ ಹೋಗುತ್ತೇನೆ. ಅಲ್ಲಿ ಒಂದೇ ರಾಗ: "ಮೇಡಂ, ಎಲ್ಲಕ್ಕೂ ಜಂತಿನ ಔಷಧಿ ಹಾಕ್ಬಿಡಿ." ಬೇಡ ಅಂತ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ.

ಮೊದಲು ನಾನೂ ಸಾಲಾಗಿ ನಿಲ್ಲಿಸಿ ಕುಡಿಸುತ್ತಿದ್ದವಳೇ. ಬರಬರುತ್ತಾ ಜಂತುಗಳು ಆ ಔಷಧಿಗೆ ಜಪ್ಪಯ್ಯ ಅನ್ನಲಿಲ್ಲ. ಆಗಿನಿಂದ ಮೇಕೆಯ ಕೆಳರೆಪ್ಪೆ ಎಳೆದು ನೋಡುತ್ತೇನೆ. ಒಳಗೆ ಬಿಳುಚಿಕೊಂಡಿದ್ದರೆ ಜಂತು ರಕ್ತ ಹೀರುತ್ತಿದೆ, ಔಷಧಿ ಹಾಕಬೇಕು. ಕೆಂಪಗಿದ್ದರೆ ಬಿಡಬೇಕು. ಗಟ್ಟಿಮುಟ್ಟಾದ ಮೇಕೆಯ ಹೊಟ್ಟೆಯಲ್ಲೂ ಜಂತು ಇದ್ದೇ ಇರುತ್ತದೆ. ಮೇಕೆಯ ಮೈಯೇ ಅವನ್ನು ಹದ್ದುಬಸ್ತಿನಲ್ಲಿಡುತ್ತದೆ, ಬೆಳೆದು ಮೊಟ್ಟೆಯಿಡಲು ಬಿಡುವುದಿಲ್ಲ.

ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಬಾಡಿಗೆ ಕೋಣೆಯಲ್ಲಿದ್ದ ಹೆಂಗಸೊಬ್ಬಳಿಗೆ ಇದ್ದದ್ದು ಒಂದೇ ಮೇಕೆ. ಎರಡು ವರ್ಷದ ಮೊಮ್ಮಗಳಿಗೆ ಮೇಕೆ ಹಾಲೇ ಆಗಬೇಕು. ಪ್ಯಾಕೆಟ್ ಹಾಲು ಕುಡಿದರೆ ವಾಂತಿ.

"ಇದಕ್ಕ ಔಷಧಿ ಹಾಕ್ರಿ ಮೇಡಮ್ಮರ. ಇನ್ನ ಹದಿನೈದು ದಿನಕ್ಕ ಈಯ್ತದ," ಎಂದಳು.

ರೆಪ್ಪೆ ಎಳೆದೆ. ಕೆಂಪಗಿತ್ತು. ಬೇಡ ಎಂದೆ. ಇನ್ನೊಮ್ಮೆ ಕೇಳಿದ್ದಕ್ಕೆ ರೇಗಿದೆ: "ಕೆಂಪಿದೆ ಅಲ್ವೇನಮ್ಮಾ? ಎಷ್ಟು ಸಲ ಹೇಳ್ಬೇಕು?"

"ನಿಮಗ ಗೊತ್ತಿರ್ತದ ಬಿಡ್ರಿ," ಎಂದು ಮೇಕೆಯನ್ನು ಗೂಟಕ್ಕೆ ಕಟ್ಟಿದಳು.

ಈಯುವ ಹೊತ್ತಿಗೆ ಮೇಕೆಯ ಕಸುವೆಲ್ಲ ಮರಿಗೆ, ಹಾಲಿಗೆ ಹೋಗುತ್ತದೆ. ಜಂತಿನ ಮೇಲಿನ ಹಿಡಿತ ಸಡಿಲವಾಗುತ್ತದೆ, ಅಡಗಿದ್ದವೆಲ್ಲ ಒಮ್ಮೆಗೇ ಏಳುತ್ತವೆ. ಗಬ್ಬದ ಮೇಕೆಯ ವಿಷಯದಲ್ಲಿ ಕಣ್ಣು ನೋಡಿ ಸುಮ್ಮನಾಗುವಂತಿಲ್ಲ, ಕೆಂಪಗಿದ್ದರೂ ಔಷಧಿ ಹಾಕಬೇಕು. ನನಗೆ ಗೊತ್ತಿಲ್ಲದ್ದೇ ಇದು? ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಅವತ್ತು ದಣಿದಿದ್ದೆ, ತಲೆಯಲ್ಲಿ ಕೆಂಪು-ಬಿಳಿ ಬಿಟ್ಟು ಬೇರೇನೂ ಇರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಮುಂದಿನ ತಿಂಗಳು ಹೋದಾಗ ಗೂಟ ಖಾಲಿಯಿತ್ತು. ಈದ ಎಂಟನೇ ದಿನ, ಗದ್ದದ ಕೆಳಗೆ ನೀರು ತುಂಬಿ ಸತ್ತಿತಂತೆ. ಜಂತು ರಕ್ತ ಹೀರಿದ್ದರ ಗುರುತೇ ಅದು. ಒಳಗೆ ಮೊಮ್ಮಗಳು ಅಳುತ್ತಿದ್ದಳು.

"ತಪ್ಪು ನಂದೇ ಕಣಮ್ಮಾ," ಎಂದೆ. ಅವಳು ಒಳಗೆ ಹೋಗಿ ಮರಿಯನ್ನು ಎತ್ತಿಕೊಂಡು ಬಂದಳು. ಹೆಣ್ಣು ಮರಿ. ರೂಢಿಯಂತೆ ನನ್ನ ಕೈ ಅದರ ರೆಪ್ಪೆಗೆ ಹೋಯಿತು.

"ಕೆಂಪ ಅದ ರೀ," ಎಂದಳು, ನಾನು ನೋಡುವ ಮೊದಲೇ. "ಹಂಗಂತ ಬಿಟ್ಟು ಹೋಗಬ್ಯಾಡ್ರಿ."