ಕಾಕು ಮಾಡದ ಫೋನು

ತಂಬಾಕಿನ ಹಲ್ಲುಪುಡಿ ಮಿಶ್ರಿಯನ್ನು ಉಜ್ಜಿ ಉಜ್ಜಿ ಕಾಕುವಿನ ಮುಂಬಲ್ಲುಗಳು ಕಪ್ಪಾಗಿದ್ದವು. ಅವು ಕಾಣಬಾರದೆಂದು ತುಟಿಯನ್ನು ಪೂರ್ತಿ ತೆರೆಯದೆ ಮಾತಾಡುತ್ತಿದ್ದರು. ಹಾಗಾಗಿ ಅವರು ಏನು ಹೇಳಿದರೂ ಗುಟ್ಟು ಹೇಳಿದಂತೆ ಕೇಳುತ್ತಿತ್ತು. ಎದುರಿಗಿದ್ದವರು ಒಂದು ಹೆಜ್ಜೆ ಹತ್ತಿರ ಬಂದು ಕಿವಿಗೊಡಬೇಕಿತ್ತು. ಅವರು ದನಿ ಎತ್ತರಿಸಿ ಯಾರನ್ನಾದರೂ ಬೈದದ್ದನ್ನು ಅವರ ಮನೆಯಲ್ಲಿದ್ದಷ್ಟು ವರ್ಷವೂ ನಾನು ಕೇಳಲಿಲ್ಲ.

ಮಾದಾಪುರದ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಸೇರಿಕೊಂಡು ನಾನು ಮೈಸೂರಿನಿಂದ ಹೈದರಾಬಾದಿಗೆ ಬಂದಿದ್ದೆ. ಆಫೀಸಿನ ಸುತ್ತ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಅಲ್ಲಿ ಬಾಡಿಗೆ ವಿಪರೀತವಾದ್ದರಿಂದ ಮೆಹದಿಪಟ್ಟಣದ ಒಂದು ಕಾಲೊನಿಯಲ್ಲಿ ಇವರ ಮನೆಯ ಮೇಲಿನ ಕೋಣೆ ಹಿಡಿದೆ. ಇವರು ಕಲಬುರಗಿಯವರು, ಮದುವೆಯಾಗಿ ಈ ಊರಿಗೆ ಬಂದವರು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡಿದ್ದರು, ಮಗ ಪುಣೆಯಲ್ಲಿದ್ದ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ದಖ್ಖನಿ, ತರಕಾರಿಯವಳ ಜೊತೆ ತೆಲುಗು. ಓಣಿಯವರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಹೊಸ ಹೊಸ ಅಂಗಡಿಗಳು ಏಳುತ್ತಿದ್ದವು. ಒಳಗೆ ತಂಪು ಗಾಳಿ, ಕಂಪ್ಯೂಟರಿನಲ್ಲಿ ಬಿಲ್ಲು. ಒಂದು ಸೋಪು ಕೊಂಡರೂ "ಮೇಡಂ, ಫೋನ್ ನಂಬರ್" ಎಂದು ಕೇಳುತ್ತಿದ್ದರು. ಕೈಗೆ ಆಗಷ್ಟೇ ಮೊಬೈಲು ಬಂದಿದ್ದ ನಾವು ಸ್ವಲ್ಪ ಹೆಮ್ಮೆಯಿಂದಲೇ ನಂಬರು ಒದರಿಬಿಡುತ್ತಿದ್ದೆವು. ಕಾಕು ಕೊಡುತ್ತಿರಲಿಲ್ಲ. ಎರಡೂ ಅಂಗೈಗಳನ್ನು ಕೌಂಟರಿನ ಮೇಲೆ ಊರಿ, "ನಂಬರ್ ನಕ್ಕೋ, ಸಾಮಾನ್ ದೇವ್" ಅನ್ನುತ್ತಿದ್ದರು. ನಂಬರು ಬೇಡ, ಸಾಮಾನು ಕೊಡಿ. ಅಷ್ಟೇ.

ಒಮ್ಮೆ ಬಿಲ್ಲು ಹಾಕುವವನು, ನಂಬರಿಲ್ಲದೆ ಕಂಪ್ಯೂಟರು ಮುಂದೆ ಹೋಗುವುದೇ ಇಲ್ಲ ಎಂದ. ಹಿಂದೆ ಸಾಲು ಬೆಳೆಯಿತು. ಯಾರೋ ಬುಟ್ಟಿಯಿಂದ ನನ್ನ ಬೆನ್ನಿಗೆ ತಿವಿದರು. ಕಾಕು ಕದಲಲಿಲ್ಲ. ಕೈಚೀಲದ ಮೇಲೆ ಅಚ್ಚಾಗಿದ್ದ ಆ ಅಂಗಡಿಯದೇ ನಂಬರನ್ನು ತೋರಿಸಿ, ಅದನ್ನು ಒತ್ತಲು ಹೇಳಿದರು. ಅವನು ಸಿಟ್ಟಿನಿಂದ ಒತ್ತಿದ. ಕಂಪ್ಯೂಟರು ಮುಂದೆ ಹೋಯಿತು.

ತಪ್ಪಿಸಿಕೊಳ್ಳಲು ಆಗದ ಕಡೆ ಇನ್ನೊಂದು ಉಪಾಯ: ಮನೆಯ ನಂಬರು ಕೊಟ್ಟು ಸುಳ್ಳು ಹೆಸರು ಹೇಳುವುದು. ಬಟ್ಟೆ ಅಂಗಡಿಯಲ್ಲಿ ಒಂದು ಹೆಸರು, ಮಿಕ್ಸಿ ರಿಪೇರಿಯವನಿಗೆ ಬೇರೊಂದು. ಮನೆಗೆ ಫೋನು ಬಂದು ಯಾರಾದರೂ "ಕಮಲಮ್ಮನವರಾ?" ಎಂದು ಕೇಳಿದರೆ, ರಿಸೀವರಿಗೆ ಕೈ ಅಡ್ಡ ಹಿಡಿದು ನನಗೆ ಹೇಳುತ್ತಿದ್ದರು: "ಮಿಕ್ಸಿಯಾಂವ ನಮ್ಮ ನಂಬರ ಯಾರಿಗೋ ಕೊಟ್ಟಾನ ನೋಡು."

ನನಗೆ ನಗು ಬರುತ್ತಿತ್ತು. ಇಷ್ಟೊಂದು ಯಾಕೆ ಕಾಕು ಎಂದರೆ, "ಇರ್ಲಿ ಬಿಡು ತಂಗಿ" ಎಂದು ಮಾತು ಮುಗಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ನನ್ನ ಕನ್ನಡಕ ಒಡೆಯಿತು. ಬಸ್ ನಿಲ್ದಾಣದ ಹತ್ತಿರದ ಒಂದು ಕನ್ನಡಕದ ಅಂಗಡಿಗೆ ಕಾಕು ಜೊತೆಗೆ ಬಂದರು. ಕಣ್ಣು ಪರೀಕ್ಷೆಯಾಯಿತು, ಫ್ರೇಮು ಆರಿಸಿಯಾಯಿತು. ಕೌಂಟರಿನವನು ನಂಬರು ಕೇಳಿದ.

"ಯಾಕ ಬೇಕು? ತಯಾರಾಗೋ ದಿನ ಹೇಳ್ರಿ, ನಾವೇ ಬರ್ತೀವಿ," ಎಂದು ಕಾಕು ಅವನ ಭಾಷೆಯಲ್ಲಿ ಹೇಳಿದರು.

ನಂಬರಿಲ್ಲದಿದ್ದರೆ ಆರ್ಡರು ತೆಗೆದುಕೊಳ್ಳುವುದಿಲ್ಲ ಎಂದ ಅವನು. ಕನ್ನಡಕವಿಲ್ಲದೆ ನನಗೆ ತಲೆ ಸಿಡಿಯುತ್ತಿತ್ತು, ಆಫೀಸಿಗೆ ಹೊತ್ತಾಗುತ್ತಿತ್ತು. ನಾನು ನಂಬರು ಹೇಳಿಬಿಟ್ಟೆ. ಹೆಸರು ಕೇಳಿದಾಗ ಕಾಕು ನನ್ನ ಮೊಣಕೈ ಚಿವುಟಿ, ತಾವೇ "ಗಂಗಾ" ಎಂದರು.

ಕನ್ನಡಕ ಬಂತು. ಆಮೇಲೆ ಫೋನು ಬರತೊಡಗಿತು.

ಮೊದಲ ಸಲ "ಗಂಗಾಜೀ?" ಎಂದಾಗ ಆ ಹೆಸರು ನನಗೆ ಮರೆತೇಹೋಗಿತ್ತು. ತಪ್ಪು ನಂಬರು ಎಂದು ಇಟ್ಟೆ. ಮರುದಿನ ಮತ್ತೆ ಬಂತು. ಗಂಡಸಿನ ದನಿ, ಹಿಂದಿ, ಬಹಳ ಮೃದು. "ಕನ್ನಡಕ ಇಲ್ಲದಾಗ ನಿಮ್ಮ ಕಣ್ಣು ಇನ್ನೂ ಚೆಂದ." ಫೋನು ಕತ್ತರಿಸಿಬಿಟ್ಟೆ. ಆಮೇಲೆ ಕೆಲವು ಸಲ ಮಾತೇ ಇರುತ್ತಿರಲಿಲ್ಲ, ಬರೀ ಉಸಿರು. ಒಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಆಫೀಸಿನ ಕ್ಯಾಬಿಗಾಗಿ ಕಾಯುತ್ತಿದ್ದೆ. ಫೋನು ಬಂತು. "ಹಳದಿ ದುಪಟ್ಟಾ ಒಪ್ಪುತ್ತದೆ," ಎಂದ.

ತಿರುಗಿ ನೋಡಿದೆ. ಚಹಾ ಕುಡಿಯುವವರು, ಬಸ್ಸಿಗೆ ಕಾಯುವವರು, ಆಟೋದವರು. ಅರ್ಧಕ್ಕರ್ಧ ಜನ ಕಿವಿಗೆ ಫೋನು ಹಿಡಿದಿದ್ದರು. ಯಾರು ಬೇಕಾದರೂ ಅವನಾಗಿರಬಹುದಿತ್ತು.

ಅಮ್ಮ ಫೋನು ಮಾಡಿದರೂ ಬೆಚ್ಚಿಬೀಳುವ ಹಾಗಾಯಿತು. ಮೀಟಿಂಗಿನಲ್ಲಿ ಫೋನು ನಡುಗಿದರೆ ಅದನ್ನು ಚೀಲದ ತಳಕ್ಕೆ ತಳ್ಳುತ್ತಿದ್ದೆ. ನಂಬರು ಬದಲಿಸಬಹುದಿತ್ತು, ಆದರೆ ನಾನು ಎಲ್ಲಿ ನಿಲ್ಲುತ್ತೇನೆಂಬುದು ಅವನಿಗೆ ಗೊತ್ತಾಗಿಹೋಗಿತ್ತು. ಪೊಲೀಸರ ಹತ್ತಿರ ಹೋದರೆ ಅವರು ಮೊದಲು ಕೇಳುವುದು ಅಪ್ಪನ ನಂಬರನ್ನೇ ಅನ್ನಿಸಿತು. ನಾನು ಇಷ್ಟು ದೂರ ಬಂದದ್ದು ಅಪ್ಪನಿಗೆ ಮೊದಲೇ ಇಷ್ಟವಿರಲಿಲ್ಲ.

ಒಂದು ಸಂಜೆ ಮೆಟ್ಟಿಲು ಇಳಿಯುವಾಗ ಕೈಯಲ್ಲಿದ್ದ ಫೋನು ಬಡಿದುಕೊಳ್ಳುತ್ತಿತ್ತು. ನಾನು ಎತ್ತಲಿಲ್ಲ. ಕೆಳಗೆ ಅಕ್ಕಿ ಆರಿಸುತ್ತಿದ್ದ ಕಾಕು ನನ್ನ ಮುಖ ನೋಡಿ ಮೊರ ಬದಿಗಿಟ್ಟರು.

"ಯಾರದು?"

ನನಗೆ ಅಳು ಬಂತು. ಅವರು ಫೋನು ತೆಗೆದುಕೊಂಡು ಕಿವಿಗೆ ಹಿಡಿದರು. ಕೇಳಿಸಿಕೊಂಡು ಕತ್ತರಿಸಿದರು. ಅವರ ಮುಖ ಬಣ್ಣಗೆಟ್ಟಿತ್ತು.

"ಗಂಗಾ ಅಂದ," ಎಂದರು. "ನಿಮ್ಮಪ್ಪಾರಿಗೆ ಹೇಳೀಯೇನು?"

"ಇಲ್ಲ ಕಾಕು. ಹೇಳಿದ್ರೆ ಮಾರನೇ ದಿನವೇ ಬಂದು ಕರ್ಕೊಂಡು ಹೋಗಿಬಿಡ್ತಾರೆ. ದಯವಿಟ್ಟು ನೀವೂ ಹೇಳಬೇಡಿ."

ನನ್ನನ್ನು ಇಲ್ಲಿ ಬಿಟ್ಟುಹೋಗುವ ದಿನ ಅಪ್ಪ ತಮ್ಮ ನಂಬರನ್ನು ಅವರ ಗೋಡೆಯ ಕ್ಯಾಲೆಂಡರಿನ ಮೇಲೆ ತಾವೇ ಬರೆದು, "ಏನೇ ಇದ್ದರೂ ನನಗೊಂದು ಫೋನು ಮಾಡಿಬಿಡಿ" ಎಂದು ಕೈಮುಗಿದಿದ್ದರು. ಕಾಕು ಈಗ ಆ ಕಡೆ ನೋಡಿದ್ದು ನನಗೆ ಕಂಡಿತು.

ಆಮೇಲಿನ ಎರಡು ದಿನ ಅವರು ಆ ವಿಷಯ ಎತ್ತಲಿಲ್ಲ. ಸಂಜೆ ನಾನು ಬರುವಾಗ ಫೋನಿನ ಪಕ್ಕದ ಸ್ಟೂಲಿನ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಆಗಲೇ ಮೈಸೂರಿಗೆ ಹೇಳಿಬಿಟ್ಟರೇ? ಅಪ್ಪ ರೈಲು ಹತ್ತಿದರೇ? ಕೇಳಲು ಧೈರ್ಯವಾಗದೆ ಮೇಲೆ ಹೋಗುತ್ತಿದ್ದೆ. ಆ ದಿನಗಳಲ್ಲಿ ಅವನಿಗಿಂತ ಇವರಿಗೇ ಹೆಚ್ಚು ಹೆದರಿದ್ದೆನೇನೋ.

ಶನಿವಾರ ಅವರು ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ಚಪ್ಪಲಿ ಮೆಟ್ಟು, ನಡಿ," ಎಂದರು.

ಕನ್ನಡಕದ ಅಂಗಡಿಯ ಮಾಲೀಕ ಬಿಳಿ ಅಂಗಿಯ ವಯಸ್ಸಾದ ಮನುಷ್ಯ. ಕಾಕು ಮೆಲ್ಲಗೆ ಕೇಳಿದರು: "ಸೇಠ್, ಹಮಾರಿ ಬಚ್ಚಿಕು ಯಹಾಂಸೆ ಕೌನ್ ಫೋನ್ ಕರ್ರಾ?" ನಮ್ಮ ಹುಡುಗಿಗೆ ಇಲ್ಲಿಂದ ಯಾರು ಫೋನು ಮಾಡುತ್ತಿರುವುದು?

ಅವನು ನಕ್ಕ. ಅಮ್ಮಾ, ಈಗಿನ ಕಾಲದಲ್ಲಿ ಒಬ್ಬರ ನಂಬರು ನೂರು ಕಡೆ ಇರುತ್ತದೆ, ಬ್ಯಾಂಕಿನಲ್ಲಿ, ಬಟ್ಟೆ ಅಂಗಡಿಯಲ್ಲಿ. ನಮ್ಮನ್ನೇ ಯಾಕೆ ಹಿಡಿಯುತ್ತೀರಿ ಎಂದ.

"ಇವಳ ಹೆಸರು ಗಂಗಾ ಅಲ್ಲ," ಎಂದರು ಕಾಕು. "ಆ ಹೆಸರು ಹೇಳಿದ್ದು ಇಲ್ಲಿ ಮಾತ್ರ. ಅಂವ ಗಂಗಾ ಅಂತಾನ."

ಮಾಲೀಕನ ನಗು ನಿಂತಿತು. ನನಗೆ ಕರೆ ಬರುತ್ತಿದ್ದ ನಂಬರಿಗೆ ಫೋನು ಮಾಡಲು ಕಾಕು ಹೇಳಿದರು. ಒತ್ತಿದೆ. ಅತ್ತಲಿನ ಫೋನು ಆಫ್ ಆಗಿತ್ತು. "ನೋಡಿದಿರಾ?" ಎಂದು ಮಾಲೀಕ ಮತ್ತೆ ಹಗುರಾದ. ನಾನು ಕಾಕುವಿನ ಸೆರಗು ಎಳೆದೆ. ಹೊರಟರೆ ಸಾಕಾಗಿತ್ತು.

ಕಾಕು ಮಾತ್ರ ಗಿರಾಕಿಗಳಿಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಕೂತುಬಿಟ್ಟರು.

ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಕೌಂಟರಿನವನು ನಂಬರು ಕೇಳಿದ. ಕಾಕು ಕೂತಲ್ಲಿಂದಲೇ, ಅದೇ ಗುಟ್ಟಿನ ದನಿಯಲ್ಲಿ, "ಕೊಡಬೇಡಮ್ಮ. ನಮ್ಮ ಹುಡುಗಿಯದು ಕೊಟ್ಟು ಈಗ ಇಲ್ಲಿ ಬಂದು ಕೂತಿದ್ದೇವೆ," ಎಂದು ತೆಲುಗಿನಲ್ಲಿ ಹೇಳಿದರು. ಹೆಂಗಸು ನನ್ನ ಮುಖ ನೋಡಿದಳು, ಮಗಳ ಕೈ ಹಿಡಿದು ಹೊರಟುಹೋದಳು. ಮುಂದೆ ಬಂದವರಿಗೂ ಇದೇ ಮಾತು. ಪೊಲೀಸರನ್ನು ಕರೆಯುತ್ತೇನೆ ಎಂದ ಮಾಲೀಕ. "ಕರೀರಿ, ನಮಗೂ ಅವರೇ ಬೇಕು," ಎಂದರು. ಅವನು ಕರೆಯಲಿಲ್ಲ.

ಕೊನೆಗೆ ಮಾಲೀಕ ತನ್ನ ಕೆಲಸದವರನ್ನೆಲ್ಲ ಮುಂದಕ್ಕೆ ಕರೆದ. ಎಲ್ಲರೂ ಫೋನು ಹೊರಗಿಡಬೇಕೆಂದ. ನಾನು ಕೌಂಟರಿನವನನ್ನೇ ಅನುಮಾನಿಸಿದ್ದೆ. ಅವನು ಧಾರಾಳವಾಗಿ ಫೋನು ಇಟ್ಟ. ಇಡದೆ ನಿಂತವನು ನನ್ನ ಕಣ್ಣು ಪರೀಕ್ಷೆ ಮಾಡಿದ್ದವನು. ನೀಟಾಗಿ ತಲೆ ಬಾಚಿದ್ದ, ನೋಡಿದರೆ ಯಾವ ಆಫೀಸಿನಲ್ಲಾದರೂ ಪಕ್ಕದ ಕುರ್ಚಿಯಲ್ಲಿ ಕೂರಬಹುದಾಗಿದ್ದಂಥವನು. ಮಾಲೀಕ ಅವನ ಜೇಬಿಗೆ ಕೈಹಾಕಿ ಫೋನು ತೆಗೆದು ಆನ್ ಮಾಡಿದ. ನಾನು ಮತ್ತೆ ಒತ್ತಿದೆ. ಆ ಫೋನು ಮಾಲೀಕನ ಕೈಯಲ್ಲೇ ಹಾಡತೊಡಗಿತು.

ಕಾಕು ಎದ್ದು ಅವನ ಮುಂದೆ ಹೋಗಿ ನಿಂತರು. ಹೊಡೆಯುತ್ತಾರೆ ಅಂದುಕೊಂಡೆ.

"ನಿನ್ನ ಮನೆಯ ನಂಬರು ಹೇಳು," ಎಂದರು.

ಅವನು ಬಾಗಿಲ ಕಡೆ ನೋಡಿದ.

"ಯಾಕೆ? ಕೊಡಲು ಭಯವೇ?"

ಮಾಲೀಕ ಗದರಿದ ಮೇಲೆ ತಲೆತಗ್ಗಿಸಿಕೊಂಡು ಹೇಳಿದ. ಕಾಕು ನನ್ನಿಂದ ಫೋನು ಹಚ್ಚಿಸಿ ತಾವು ಕಿವಿಗಿಟ್ಟುಕೊಂಡರು. ಅಂಗಡಿ ನಿಶ್ಶಬ್ದವಾಗಿದ್ದರಿಂದ ಆಚೆಯ ದನಿ ನನಗೂ ಕೇಳಿತು. ಒಬ್ಬ ಮುದುಕಿ. "ಹಲೋ? ಬೇಟಾ, ನೀನಾ? ಊಟ ಆಯ್ತಾ?"

ಅವನ ಕಣ್ಣು ತುಂಬಿಬಿಟ್ಟಿತು. ಕಾಕುವಿನ ತುಟಿ ಅಲುಗಿತು. ಅವರು ಏನೂ ಹೇಳದೆ ಫೋನು ಕತ್ತರಿಸಿ ನನ್ನ ಕೈಗೆ ಕೊಟ್ಟರು. ಮಾಲೀಕ ಕಂಪ್ಯೂಟರಿನಿಂದ ನನ್ನ ನಂಬರು ತೆಗೆದುಹಾಕುವುದನ್ನು ಕೌಂಟರಿನ ಆಚೆ ಹೋಗಿ, ಪರದೆಗೆ ಮುಖ ಹತ್ತಿರ ಮಾಡಿ ನೋಡಿದರು. ಕಣ್ಣು ಪರೀಕ್ಷೆಯವನನ್ನು ಕೆಲಸದಿಂದ ತೆಗೆದ ಸುದ್ದಿ ಆಮೇಲೆ ತಿಳಿಯಿತು. ಫೋನು ಮತ್ತೆ ಬರಲಿಲ್ಲ. ಆದರೂ ಎಷ್ಟೋ ತಿಂಗಳು ನಾನು ನಿಲ್ದಾಣದಲ್ಲಿ ಗೋಡೆಗೆ ಬೆನ್ನು ಕೊಟ್ಟೇ ನಿಲ್ಲುತ್ತಿದ್ದೆ.

ಮನೆಗೆ ಆಟೋದಲ್ಲಿ ಬಂದೆವು. ಎಂಜಿನ್ನಿನ ಸದ್ದಿನಲ್ಲಿ ಕಾಕುವಿನ ಮಾತು ಕೇಳಲು ನಾನು ಅವರ ಭುಜಕ್ಕೆ ತಲೆ ತಾಗಿಸಬೇಕಾಯಿತು.

"ನಮ್ಮ ತವರಮನ್ಯಾಗ ಫೋನ್ ಹೊಸದಾಗಿ ಬಂದಿತ್ತು," ಎಂದರು. "ನನ್ನ ತಂಗಿ ಕಾಲೇಜಿಗೆ ಹೋಗ್ತಿದ್ಲು. ಫೋಟೋ ತೆಗಸಾಕ ಸ್ಟುಡಿಯೋಕ್ಕ ಹೋದ್ಲು. ನಂಬರ ಕೇಳ್ದ, ಕೊಟ್ಲು. ಆಮ್ಯಾಲ ಅಂವ ದಿನಾ ಮನಿಗೆ ಫೋನ್ ಮಾಡಾಕತ್ತ. ಒಂದ ದಿನ ನಾ ಎತ್ತಿದೆ. ಆಕೀ ಹೆಸರು ಹಿಡಿದು ಕೇಳ್ದ."

ಆಟೋ ಸಿಗ್ನಲ್ಲಿನಲ್ಲಿ ನಿಂತಿತು. ಹೊರಟ ಮೇಲೆ ಮತ್ತೆ ಮುಂದುವರಿಸಿದರು.

"ಆಕಿ ನನಗ ಅಂವ ಯಾರೋ ಗೊತ್ತಿಲ್ಲಕ್ಕಾ ಅಂತ ಅತ್ಲು. ನಾ ಅಪ್ಪಗ ಹೇಳಿದೆ. ಒಳ್ಳೇದಕ್ಕ ಅಂತನೇ ಹೇಳಿದೆ ತಂಗಿ. ಅಪ್ಪ ಏನೂ ಕೇಳಲಿಲ್ಲ. ಕಾಲೇಜು ಬಿಡಿಸಿದ. ಸೋಲಾಪುರದ ಆಚೆ, ಹೆಂಡ್ತಿ ಸತ್ತಾಂವಗ ಕೊಟ್ಟುಬಿಟ್ಟ. ಸ್ಟುಡಿಯೋದಾಂವಗ ಏನೂ ಆಗಲಿಲ್ಲ. ಹೇಳಿದ್ದು ನಾನಂತ ಆಕಿಗೆ ಇವತ್ತಿಗೂ ಗೊತ್ತಿಲ್ಲ. ನಾ ಹೇಳಿಲ್ಲ. ಬಾಯಿ ಬರಲಿಲ್ಲ."

ಮನೆ ಹತ್ತಿರ ಬಂದಾಗ ಇಷ್ಟು ಸೇರಿಸಿದರು: "ನಿಮ್ಮಪ್ಪಗ ಫೋನ್ ಮಾಡಲೇನಂತ ಎರಡು ದಿನ ಕುಂತಿದ್ದೆ. ಕೈ ಹೋಗಲಿಲ್ಲ."

ನಾನು ಈ ಊರಿನಲ್ಲೇ ಉಳಿದೆ. ಕೆಲಸದಲ್ಲಿ ಮೇಲೇರಿದೆ, ಇಲ್ಲೇ ಮದುವೆಯಾಯಿತು, ಬೇಗಂಪೇಟೆಯಲ್ಲಿ ಮನೆಯಾಯಿತು. ಅಪ್ಪ ಬಂದಾಗಲೆಲ್ಲ, ಮಗಳು ಎಷ್ಟು ಧೈರ್ಯವಂತೆ ಎಂದು ಎಲ್ಲರ ಮುಂದೆ ಹೇಳುತ್ತಾರೆ. ಇದೆಲ್ಲ ಕಾಕು ಆ ಎರಡು ದಿನ ಮಾಡದೆ ಬಿಟ್ಟ ಒಂದು ಫೋನಿನಿಂದ ನನಗೆ ಬಂದದ್ದು. ಅದನ್ನು ಅವರಿಗೆ ಹೇಳಿದ್ದೆ. ಅವರು ತುಟಿ ಬಿಗಿದು ನಕ್ಕು, ಚಹಾ ಕುಡಿ ಅಂದಿದ್ದರು.

ಅವರು ಹೃದಯದ ತೊಂದರೆಯಿಂದ ತೀರಿಕೊಂಡಾಗ ಪುಣೆಯ ಮಗ ನನಗೆ ತಿಳಿಸಿದ. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಿತ್ತಲಿನ ಕಟ್ಟೆಯ ಮೇಲೆ ಒಬ್ಬ ಹೆಂಗಸು ಒಂಟಿಯಾಗಿ ಕೂತಿದ್ದರು. ಮೂಗು, ಹಣೆ ಕಾಕುವಿನದೇ. ನನ್ನನ್ನು ಪಕ್ಕಕ್ಕೆ ಕರೆದರು.

"ಮ್ಯಾಲಿನ ಖೋಲ್ಯಾಗ ಇದ್ದಾಕಿ ನೀನೇ ಏನು? ನಮ್ಮಕ್ಕ ನಿನ್ನ ಭಾಳ ಹಚ್ಚಿಕೊಂಡಿದ್ಲಂತ. ನನ್ನ ಬಗ್ಗೆ ಏನರೆ ಹೇಳ್ಯಾಳೇನು?"

ನಾನು ನೆಲ ನೋಡಿದೆ. ಅವರಿಗೆ ಅಷ್ಟೇ ಸಾಕಾಯಿತು.

"ನಿನಗ ಹೇಳ್ಯಾಳ ಹಂಗಾರ," ಎಂದರು. "ನನಗ ಆವತ್ತೇ ಗೊತ್ತಿತ್ತು. ಆಕಿ ಅಪ್ಪಗ ಹೇಳೋವಾಗ ನಾ ಅಡಗಿಮನಿ ಬಾಗಲ ಹಿಂದ ನಿಂತಿದ್ದೆ. ಮದುವಿ, ಮುಂಜಿವಿ, ಎಷ್ಟು ಸಲ ಕೂಡಿವಿ. ಇವತ್ತರ ಹೇಳ್ತಾಳೇನೋ ಅಂತ ಕಾಯ್ತಿದ್ದೆ. ಹೇಳಿದ್ರ ನಾಕು ಮಾತು ಬೈತಿದ್ದೆ. ಬೈದು ಹಗರಾಗ್ತಿದ್ದೆ."

ಆಗ ನಾನು ಕನ್ನಡಕದ ಅಂಗಡಿಯಲ್ಲಿ ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ. ಮುದುಕಿಯ ದನಿ ಕೇಳಿ ಕಾಕು ಫೋನು ಕತ್ತರಿಸಿದ್ದನ್ನೂ, ಆಟೋದಲ್ಲಿ ಆಡಿದ ಮಾತನ್ನೂ ಬಿಡಲಿಲ್ಲ. ಅವರು ಕಣ್ಣು ಪಿಳುಕಿಸದೆ ಕೊನೆಯವರೆಗೂ ಕೇಳಿದರು. ಒಳಗೆ ಯಾರೋ ಅವರನ್ನು ಊಟಕ್ಕೆ ಕರೆದರು. ಏಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಯಾರನ್ನೂ ನೋಡದೆ, ಕರೆದರೆ ಯಾರೋ ಓಗೊಡುತ್ತಾರೆ ಎಂಬಂತೆ, ಒಂದು ಸಲ "ಅಕ್ಕಾ" ಎಂದರು.